ಸಾಣೆಕಲ್ಲಿಗೆ ಬೇಸತ್ತ ಜಿಲೆಟ್

ಮೆಟೀರಿಯಲ್ಸ್ ಲ್ಯಾಬಲ್ಲಿ ನಾವು ಒಂದು ಕಳ್ಳದಾರಿ ಹಿಡಿದ್ವಿ. ಸ್ಟೀಲ್ ಸ್ಪೆಸಿಮನ್ ಅನ್ನು ಎಮರಿ ಪೇಪರ್ ಮೇಲೆ 220, 400, 600, 800, 1000 ಅಂತ ಕ್ರಮವಾಗಿ ಉಜ್ಜಬೇಕಿತ್ತು. ಊಟದ ಹೊತ್ತು ಹತ್ತಿರ ಬಂದಿತ್ತು, 220 ಆದ್ಮೇಲೆ ಸೀದಾ 1000ಕ್ಕೆ ಹಾರಿದ್ವಿ. ಬರಿಗಣ್ಣಿಗೆ ಚೆನ್ನಾಗೇ ಹೊಳೀತಿತ್ತು. ಮೈಕ್ರೋಸ್ಕೋಪ್ ಕೆಳಗಿಟ್ಟರೆ ಉತ್ತ ಹೊಲದ ಥರ ಸಾಲು ಸಾಲು ಗೀರು. ಮತ್ತೆ 220ರಿಂದ ಶುರು. ಮೆಸ್ಸಲ್ಲಿ ಊಟವೂ ಖಾಲಿ.

ಮಾರನೇ ದಿನ ಹಾಸ್ಟೆಲ್ಲಲ್ಲಿ ಶೇವ್ ಮಾಡ್ಕೊಳ್ಳುವಾಗ ಕೈಯಲ್ಲಿದ್ದ ಬ್ಲೇಡ್ ನೋಡಿ ಒಂದು ಪ್ರಶ್ನೆ ಬಂತು. ಇಷ್ಟು ಹರಿತವಾದ ಅಂಚು ಬರಬೇಕಾದ್ರೆ ಇದನ್ನೂ ಯಾರೋ ಹೀಗೇ ಹಂತಹಂತವಾಗಿ ಉಜ್ಜಿರಬೇಕಲ್ವಾ? ಹುಡುಕ್ತಾ ಹೋದಾಗ ಸಿಕ್ಕಿದ್ದು ಕಿಂಗ್ ಕ್ಯಾಂಪ್ ಜಿಲೆಟ್ ಕಥೆ.

ಜಿಲೆಟ್ ಹುಟ್ಟಿದ್ದು 1855ರ ಜನವರಿ 5ರಂದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಫಾಂಡ್ ಡು ಲ್ಯಾಕ್ ಊರಲ್ಲಿ. ಬೆಳೆದದ್ದು ಶಿಕಾಗೋದಲ್ಲಿ. 1871ರಲ್ಲಿ ಶಿಕಾಗೋ ನಗರಕ್ಕೆ ಬೆಂಕಿ ಬಿತ್ತು, ಅಪ್ಪನ ವ್ಯಾಪಾರ ಬೂದಿಯಾಯ್ತು. ಹುಡುಗನಿಗೆ ಆಗ 16 ವರ್ಷ. ನಮ್ಮ ಹಾಗೆ ಕಾಲೇಜು ಸೇರೋ ಯೋಗ ಇರಲಿಲ್ಲ. ಊರೂರು ಸುತ್ತೋ ಸೇಲ್ಸ್‌ಮನ್ ಆದ. ತಲೆ ಮಾತ್ರ ಸುಮ್ನೆ ಕೂರುವಂಥದ್ದಲ್ಲ. 1894ರಲ್ಲಿ ಒಂದು ಪುಸ್ತಕ ಬರೆದ. ನಯಾಗರಾ ಜಲಪಾತದ ಕರೆಂಟಿನಿಂದ ನಡೆಯೋ ಒಂದೇ ಒಂದು ಮಹಾನಗರ ಕಟ್ಟಬೇಕು, ಪೈಪೋಟಿ ಅನ್ನೋದೇ ಇಲ್ಲದೆ ಎಲ್ಲ ವಸ್ತುಗಳನ್ನೂ ಒಂದೇ ಕಂಪನಿ ಮಾಡಬೇಕು ಅನ್ನೋದು ಅದರ ವಾದ.

ಆ ದಿನಗಳಲ್ಲಿ ಆತ ಬಾಟಲಿ ಮುಚ್ಚಳ ಮಾರೋ ಕಂಪನಿಯಲ್ಲಿದ್ದ. ಸೋಡಾ ಬಾಟಲಿಯ ಅಂಚು ಸುಕ್ಕಿದ ಲೋಹದ ಮುಚ್ಚಳ ಗೊತ್ತಲ್ಲ, ಅದನ್ನು ಕಂಡುಹಿಡಿದ ವಿಲಿಯಂ ಪೇಂಟರ್ ಅಲ್ಲಿನ ಯಜಮಾನ. ಜನ ಒಮ್ಮೆ ಬಳಸಿ ಬಿಸಾಕಿ ಮತ್ತೆ ಕೊಳ್ಳೋವಂಥದ್ದೇನಾದ್ರೂ ಯೋಚಿಸು ಅಂತ ಪೇಂಟರ್ ಹೇಳಿದ್ದು ಜಿಲೆಟ್ ತಲೆಯಲ್ಲಿ ಕೂತುಬಿಟ್ಟಿತು.

1895ರ ಒಂದು ಬೆಳಗ್ಗೆ, ಬಾಸ್ಟನ್ ಪಕ್ಕದ ಬ್ರೂಕ್‌ಲೈನ್‌ನಲ್ಲಿ ಶೇವ್ ಮಾಡ್ಕೊಳ್ಳೋಕೆ ನಿಂತಾಗ ಕತ್ತಿ ಮೊಂಡಾಗಿತ್ತು. ಚರ್ಮದ ಪಟ್ಟಿಗೆ ತಿಕ್ಕಿದ್ರೆ ಸರಿಹೋಗೋ ಮೊಂಡಲ್ಲ. ಕ್ಷೌರಿಕನ ಹತ್ತಿರವೋ ಕತ್ತಿ ಮಾಡೋವನ ಹತ್ತಿರವೋ ಹೋಗಿ ಸಾಣೆ ಹಿಡಿಸಲೇಬೇಕು.

ಪಟ್ಟಿಗೆ ತಿಕ್ಕೋದಕ್ಕೂ ಸಾಣೆ ಹಿಡಿಯೋದಕ್ಕೂ ಇರೋ ವ್ಯತ್ಯಾಸ ಇಲ್ಲಿ ಗೊತ್ತಿರಬೇಕು. ಚರ್ಮ ಲೋಹವನ್ನು ಹೆಚ್ಚುಕಡಿಮೆ ತೆಗೆಯೋದೇ ಇಲ್ಲ, ಅಂಚನ್ನು ನೆಟ್ಟಗೆ ಮಾಡಿ ಹೊಳಪು ಕೊಡುತ್ತೆ ಅಷ್ಟೇ. ಲೋಹ ಸವೆಸಿ ಹೊಸ ಅಂಚು ಮಾಡೋದು ಕಲ್ಲು. ಇವತ್ತಿಗೂ ಕ್ಷೌರದ ಕತ್ತಿ ಇಟ್ಟುಕೊಂಡವರು ಬಳಸೋ ಸಾಮಾನ್ಯ ಕ್ರಮ 1000, 4000, 8000, ಕೊನೆಗೆ 12000. 1000 ಗ್ರಿಟ್ ಕಲ್ಲಿನ ಕಣ ಸುಮಾರು 10ರಿಂದ 15 ಮೈಕ್ರಾನ್, 8000ದ್ದು ಸುಮಾರು 1 ಮೈಕ್ರಾನ್. ಕತ್ತಿಯ ಬೆನ್ನು, ಅಂಚು ಎರಡನ್ನೂ ಕಲ್ಲಿಗೆ ತಾಗಿಸಿಯೇ ಉಜ್ಜೋದ್ರಿಂದ ಕೋನ ತಾನಾಗೇ ಕೂರುತ್ತೆ. 1000ದ ಕಲ್ಲಲ್ಲಿ ಎರಡೂ ಬದಿಯ ಇಳಿಜಾರು ಒಂದೇ ಗೆರೆಯಲ್ಲಿ ಕೂಡಬೇಕು. ಅದು ಕೂಡದಿದ್ರೆ 12000 ಏನೂ ಮಾಡಲಾರದು, ಬರೀ ಹೊಳೆಯೋ ಮೊಂಡುಗತ್ತಿ ಸಿಗುತ್ತೆ. ಅಲ್ಲಿಂದ ಮುಂದೆ ಪ್ರತಿ ಕಲ್ಲಿಗೂ ಒಂದೇ ಕೆಲಸ, ಹಿಂದಿನ ಕಲ್ಲಿನ ಗೀರು ಅಳಿಸೋದು.

ಎಲ್ಲಿಂದ ಶುರು ಮಾಡಬೇಕು ಅನ್ನೋದು ಕತ್ತಿಯ ಸ್ಥಿತಿ ಮೇಲೆ. ಸ್ವಲ್ಪ ಮೊಂಡಾಗಿದ್ರೆ 8000 ಸಾಕಾಗಬಹುದು. ಅಂಚು ಮುಕ್ಕಾಗಿದ್ರೆ 1000ಕ್ಕೇ ಇಳಿಯಬೇಕು. ಬೇಡದಿದ್ರೂ ಒರಟು ಕಲ್ಲಿಗೆ ಹೋದ್ರೆ ಕತ್ತಿ ಸುಮ್ನೆ ಸವೆಯುತ್ತೆ. ಜಿಲೆಟ್ ಕಾಲದ ಕ್ಷೌರಿಕರು ಹೀಗೆ ನಂಬರ್ ನೋಡಿ ಕಲ್ಲು ಆರಿಸ್ತಿರಲಿಲ್ಲ. ಬೆಲ್ಜಿಯಂನ ಹಳದಿ ಕಲ್ಲಿನಂಥವನ್ನು ಕೈಯ ಅನುಭವದಿಂದಲೇ ಆರಿಸ್ತಿದ್ರು. ಮನೆಯಲ್ಲಿ ಶೇವ್ ಮಾಡ್ಕೊಳ್ಳೋ ಸೇಲ್ಸ್‌ಮನ್‌ಗೆ ಆ ಕೈ ಎಲ್ಲಿಂದ ಬರಬೇಕು?

ಆ ಕನ್ನಡಿ ಮುಂದೆಯೇ ಜಿಲೆಟ್‌ಗೆ ದಾರಿ ಹೊಳೀತು. ಕತ್ತಿಯಲ್ಲಿ ಕೆಲಸ ಮಾಡೋದು ಅಂಚು ಮಾತ್ರ, ಮಿಕ್ಕ ಉಕ್ಕೆಲ್ಲ ಅದಕ್ಕೆ ಆಸರೆ. ಹಾಗಾದ್ರೆ ಆಸರೆಯನ್ನ ಹಿಡಿ ಕೊಡಲಿ, ಅಂಚು ಒಂದು ತೆಳು ಹಾಳೆಯಲ್ಲಿರಲಿ. ಮೊಂಡಾದ್ರೆ ಬಿಸಾಕಿದ್ರಾಯ್ತು. ಗಾಯವಾಗದ ಹಾಗೆ ತಡೆ ಇರೋ ಸೇಫ್ಟಿ ರೇಜರ್ ಆಗಲೇ ಇತ್ತು. 1880ರಿಂದ ಕ್ಯಾಂಪ್ಫೆ ಸಹೋದರರು ಮಾರ್ತಿದ್ರು. ಆದ್ರೆ ಅದರ ದಪ್ಪ ಬ್ಲೇಡನ್ನೂ ಮಸೆಯಬೇಕಿತ್ತು. ಮಸೆಯೋದನ್ನೇ ತೆಗೆದುಹಾಕೋದು ಜಿಲೆಟ್‌ನ ಹೊಸ ಯೋಚನೆ.

ಯೋಚನೆ ಬಂದಿದ್ದು ಒಂದು ಬೆಳಗ್ಗೆ. ಅದು ಬ್ಲೇಡ್ ಆಗೋಕೆ ಹಿಡಿದದ್ದು ವರ್ಷಗಳು. ಕಾಗದದಷ್ಟು ತೆಳು ಉಕ್ಕನ್ನು ಕಾಯಿಸಿ ಗಡುಸು ಮಾಡಿದ್ರೆ ಸೊಟ್ಟಗಾಗುತ್ತೆ. ಗಡುಸಾಗದಿದ್ರೆ ಅಂಚು ನಿಲ್ಲಲ್ಲ. ಎಂಐಟಿಯ ಲೋಹತಜ್ಞರೇ ಇದು ಆಗದ ಕೆಲಸ ಅಂದುಬಿಟ್ರು. ಲೋಹವಿದ್ಯೆ ಓದದ ಜಿಲೆಟ್‌ಗೆ ಅದು ಎಷ್ಟು ಕಷ್ಟ ಅನ್ನೋದೇ ಗೊತ್ತಿರಲಿಲ್ಲ, ಬಹುಶಃ ಅದಕ್ಕೇ ಬಿಡಲಿಲ್ಲ.

1901ರಲ್ಲಿ ಸಿಕ್ಕಿದವನು ಎಂಐಟಿಯಲ್ಲೇ ಓದಿದ ವಿಲಿಯಂ ನಿಕರ್ಸನ್. ತೆಳು ಉಕ್ಕನ್ನು ಗಡುಸು ಮಾಡೋ ವಿಧಾನ, ಬ್ಲೇಡ್ ಮಸೆಯೋ ಯಂತ್ರ ಎರಡನ್ನೂ ರೂಪಿಸಿದ್ದು ಅವನೇ. ನಮ್ಮ ಹಾಗೆ ಲ್ಯಾಬಲ್ಲಿ ಕೈ ಸವೆಸಿದವರಿಗೆ ಈ ಕಥೆಯ ಅರ್ಧ ಹೀರೋ ಇವನು. ಆದ್ರೆ ರೇಜರ್‌ಗೆ ಇವನ ಹೆಸರಿಡೋ ಹಾಗಿರಲಿಲ್ಲ, ಯಾಕಂದ್ರೆ ಇಂಗ್ಲಿಷಿನಲ್ಲಿ ನಿಕ್ ಅಂದ್ರೆ ಗಾಯದ ಗೀರು!

1903ರಲ್ಲಿ ಮಾರಾಟ ಶುರುವಾಯ್ತು. ಆ ವರ್ಷ ಹೋಗಿದ್ದು 51 ರೇಜರ್, 168 ಬ್ಲೇಡ್. ನಮ್ಮ ಟೆಕ್ ಫೆಸ್ಟಿನ ಸ್ಟಾಲ್ ಲೆಕ್ಕದ ಹಾಗಿದೆ. ಮರುವರ್ಷ ರೇಜರ್‌ಗಳೇ 90,884. 1904ರ ನವೆಂಬರ್ 15ರಂದು ಪೇಟೆಂಟ್ ಕೈಗೆ ಬಂತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ 35 ಲಕ್ಷ ರೇಜರ್ ಹೋದವು. ಬ್ಲೇಡ್ ಪೊಟ್ಟಣದ ಮೇಲೆ ಜಿಲೆಟ್‌ನ ಮುಖವೇ ಇರ್ತಿತ್ತು, ದಪ್ಪ ಮೀಸೆ ಸಮೇತ.

ದುಡ್ಡು ಬಂದರೂ ಹಳೇ ಕನಸು ಬಿಡಲಿಲ್ಲ. 1910ರಲ್ಲಿ ತನ್ನ ವಿಶ್ವ ಕಂಪನಿಗೆ ಅಧ್ಯಕ್ಷರಾಗಿ, 10 ಲಕ್ಷ ಡಾಲರ್ ಕೊಡ್ತೀನಿ ಅಂತ ಮಾಜಿ ರಾಷ್ಟ್ರಾಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಅವರನ್ನು ಕೇಳಿದ. ಅವರು ಒಪ್ಪಲಿಲ್ಲ. ಎಲ್ಲರದ್ದೂ ಒಂದೇ ಕಂಪನಿ ಆಗಬೇಕು ಅಂದವನಿಗೆ ಕೊನೆಗೆ ಸ್ವಂತ ಕಂಪನಿಯೂ ಉಳಿಯಲಿಲ್ಲ. 1930ರಲ್ಲಿ ಅದು ಆಟೋಸ್ಟ್ರಾಪ್ ಕಂಪನಿ ಜೊತೆ ವಿಲೀನವಾಗಿ, ಹಿಡಿತ ಅವರ ಕೈಗೆ ಹೋಯ್ತು. ಆಟೋಸ್ಟ್ರಾಪ್ ಹೆಸರು ಮಾಡಿದ್ದು ಯಾವುದಕ್ಕೆ ಗೊತ್ತಾ? ಬ್ಲೇಡ್ ಹೊರಗೆ ತೆಗೆಯದೆಯೇ ಪಟ್ಟಿಗೆ ತಿಕ್ಕಬಹುದಾದ ರೇಜರ್‌ಗೆ! 1932ರ ಜುಲೈ 9ರಂದು ಕ್ಯಾಲಿಫೋರ್ನಿಯಾದಲ್ಲಿ ಜಿಲೆಟ್ ತೀರಿಕೊಂಡಾಗ ಮಹಾ ಆರ್ಥಿಕ ಕುಸಿತ ಆಸ್ತಿಯ ಬಹುಪಾಲನ್ನು ನುಂಗಿಹಾಕಿತ್ತು.

ಕ್ಯಾಂಪಸ್ ಎದುರಿನ ಸಲೂನಿಗೆ ಈ ಸಲ ಹೋದಾಗ ಗಮನಿಸಿ. ಹಳೇ ಕ್ಷೌರದ ಕತ್ತಿಯ ಆಕಾರದ್ದೇ ಹಿಡಿ, ಅದರೊಳಗೆ ಅರ್ಧಕ್ಕೆ ಮುರಿದ ಹೊಸ ಬ್ಲೇಡ್. ಸಾಣೆಕಲ್ಲು ಕಾಣಲ್ಲ. ಜಿಲೆಟ್ ಅದನ್ನು ನಮ್ಮ ಮನೆಯಿಂದ ತೆಗೆದದ್ದು ನಿಜ, ಆದ್ರೆ ಇಲ್ಲವಾಗಿಸಲಿಲ್ಲ. ಒರಟಿನಿಂದ ನಯಕ್ಕೆ ಹೋಗೋ ಹಂತಗಳೆಲ್ಲ ಫ್ಯಾಕ್ಟರಿಯೊಳಗೆ ಯಂತ್ರದ ಕೆಲಸವಾದವು. ಅವನ್ನು ಯಂತ್ರಕ್ಕೆ ಕಲಿಸೋಕೇ ಇಷ್ಟು ವರ್ಷ ಹಿಡಿದದ್ದು.

ಮುಂದಿನ ವಾರ ನಮಗೆ ಮತ್ತೆ ಅದೇ ಲ್ಯಾಬ್ ಇದೆ. 400ರ ಪೇಪರ್ ಈಗಲೇ ಎತ್ತಿಟ್ಟಿದ್ದೀವಿ.