ಶಾಫ್ಟ್ಸ್‌ಬರಿ ಪ್ರಭುವೂ ಗಣಿಯೊಳಗಿನ ಮಕ್ಕಳೂ

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ರೈಲಿನಲ್ಲಿ ಹೋಗುವವರಿಗೆ ಕೋಲಾರ ಚಿನ್ನದ ಗಣಿಗಳ ದಿಬ್ಬಗಳು ಕಾಣುವವು. 2001ರಲ್ಲಿ ಗಣಿಗಳು ಮುಚ್ಚುವ ತನಕ ಜನರು ಅಲ್ಲಿ ಭೂಮಿಯೊಳಗೆ ಬಹು ಆಳಕ್ಕಿಳಿದು ದುಡಿದರು. ಇಂಗ್ಲೆಂಡಿನಲ್ಲಿ ಒಂದು ಕಾಲದಲ್ಲಿ ಐದಾರು ವರುಷದ ಮಕ್ಕಳನ್ನೇ ಅಂಥ ಕತ್ತಲೆಗೆ ಇಳಿಸುತ್ತಿದ್ದರು. ಅದನ್ನು ನಿಲ್ಲಿಸಲು ಹೋರಾಡಿದವನ ಚರಿತ್ರೆಯಿದು.

ಆಂಟನಿ ಆಶ್ಲಿ ಕೂಪರನು 1801ರಲ್ಲಿ ಸಿರಿವಂತರ ಮನೆಯಲ್ಲಿ ಹುಟ್ಟಿದನು. ಆದರೆ ತಂದೆತಾಯಿಗಳ ಪ್ರೀತಿ ಅವನಿಗೆ ದೊರೆಯಲಿಲ್ಲ. ಮನೆಯ ಸೇವಕಿಯಾದ ಮರಿಯ ಮಿಲಿಸ್ ಎಂಬಾಕೆಯೇ ಅವನಿಗೆ ಪ್ರಾರ್ಥನೆ ಕಲಿಸಿದಳು. ಪ್ರೀತಿಯಿಲ್ಲದ ಬಾಲ್ಯವೆಂಥದೆಂದು ಅವನು ಬಲ್ಲವನಾದನು.

1826ರಲ್ಲಿ ಅವನು ಪಾರ್ಲಿಮೆಂಟಿನ ಸದಸ್ಯನಾದನು. ನೂಲಿನ ಗಿರಣಿಗಳ ಮಕ್ಕಳಿಗಾಗಿ ಮುಂಚೆಯೂ ಕಾನೂನುಗಳಿದ್ದವು. ನೋಡಿಕೊಳ್ಳುವವರಿಲ್ಲದೆ ಅವು ಕಾಗದದಲ್ಲೇ ಉಳಿದಿದ್ದವು. 1833ರ ಕಾನೂನಿನಿಂದ ನಾಲ್ವರು ತನಿಖಾಧಿಕಾರಿಗಳು ನೇಮಿಸಲ್ಪಟ್ಟರು. 1840ರಲ್ಲಿ ಈತನ ಕೋರಿಕೆಯಂತೆ ವಿಚಾರಣಾ ಮಂಡಲಿಯೊಂದು ಹೊರಟು, ಗಣಿಗಳಿಗೆ ಹೋಗಿ ಮಕ್ಕಳನ್ನೇ ವಿಚಾರಿಸಿತು. ಕತ್ತಲಲ್ಲಿ ಒಂಟಿಯಾಗಿ ಕೂತು ಗಾಳಿಬಾಗಿಲು ಕಾಯುವ ಕೂಸುಗಳು, ಸೊಂಟಕ್ಕೆ ಸರಪಣಿ ಕಟ್ಟಿಕೊಂಡು ಅಂಬೆಗಾಲಲ್ಲಿ ಕಲ್ಲಿದ್ದಲ ಬಂಡಿ ಎಳೆಯುವ ಹುಡುಗಿಯರು, ಇವರ ಚಿತ್ರಗಳು ವರದಿಯಲ್ಲಿ ಅಚ್ಚಾದವು. ದೇಶವೇ ನಾಚಿತು. 1842ರಲ್ಲಿ ಸ್ತ್ರೀಯರನ್ನೂ ಹತ್ತು ವರುಷದೊಳಗಿನ ಹುಡುಗರನ್ನೂ ನೆಲದೊಳಗಿನ ಕೆಲಸಕ್ಕೆ ಇಡಬಾರದೆಂದು ಕಾನೂನಾಯಿತು.

1851ರಲ್ಲಿ ಅವನು ಶಾಫ್ಟ್ಸ್‌ಬರಿ ಪ್ರಭುವಾಗಿ ಮೇಲ್ಮನೆಗೆ ಹೋದನು. ಹೊಗೆಗೂಡುಗಳೊಳಗೆ ಹುಡುಗರನ್ನು ಹತ್ತಿಸಬಾರದೆಂಬ ಕಾನೂನು 1840ರಲ್ಲಿಯೂ 1864ರಲ್ಲಿಯೂ ಆದರೂ ಯಾರೂ ಲೆಕ್ಕಿಸಲಿಲ್ಲ. ಅವನು ಬೇಸರಗೊಳ್ಳದೆ ಮತ್ತೆ ಮತ್ತೆ ಕೇಳಿದನು. 1875ರಲ್ಲಿ ಆ ಕಸುಬಿಗೆ ಪೊಲೀಸರ ಪರವಾನಗಿ ಬೇಕೆಂದು ವಿಧಿಸಿದ ಮೇಲೆಯೇ ಆ ಕ್ರೌರ್ಯವು ನಿಂತಿತು. 1879ರಲ್ಲಿ, ಎಪ್ಪತ್ತೇಳು ದಾಟಿದ ಮುದುಕನಾಗಿಯೂ, ಹಿಂದೂಸ್ಥಾನದ ಗಿರಣಿಗಳ ಮಕ್ಕಳ ವಿಷಯವನ್ನು ಮೇಲ್ಮನೆಯಲ್ಲಿ ಎತ್ತಿದನು. 1881ರಲ್ಲಿ ಬ್ರಿಟಿಷ್ ಇಂಡಿಯದ ಮೊದಲನೆಯ ಕಾರ್ಖಾನೆ ಕಾನೂನಾಗಿ, ಏಳು ವರುಷದೊಳಗಿನವರ ದುಡಿಮೆ ನಿಷೇಧಿಸಲ್ಪಟ್ಟಿತು. 1885ರಲ್ಲಿ ಅವನು ತೀರಿಹೋದಾಗ ಲಂಡನಿನ ಬಡವರು ಬೀದಿಗಳಲ್ಲಿ ನಿಂತು ಅತ್ತರು.

ಪ್ರಿಯ ವಾಚಕರೇ, ಕಾನೂನು ಬರೆಯುವದು ಅರ್ಧ ಕೆಲಸವೇ ಸರಿ. ಅದು ನಡೆಯುತ್ತದೋ ಎಂದು ಹೋಗಿ ನೋಡುವದೂ ಸಭೆಯಲ್ಲಿ ಮತ್ತೆ ಕೇಳುವದೂ ಉಳಿದರ್ಧ. ನಮ್ಮ ದೇಶದಲ್ಲಿಯೂ ಹದಿನಾಲ್ಕರೊಳಗಿನ ಮಕ್ಕಳನ್ನು ಗಣಿಗೆ ಇಡಬಾರದೆಂದು 1950ರಲ್ಲಿ ಸಂವಿಧಾನವು ವಿಧಿಸಿತು. 2016ರಲ್ಲಿ ಬಾಲಕಾರ್ಮಿಕ ಕಾನೂನಿಗಾದ ತಿದ್ದುಪಡಿಯು ಹದಿನೆಂಟರೊಳಗಿನವರನ್ನೂ ಗಣಿಗೆ ಇಡಬಾರದೆಂದು ವಿಧಿಸಿತು. ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಕೇಳುವವರು ನಾವು ಆರಿಸಿ ಕಳುಹಿಸಿದವರೇ. ಕಲ್ಲುಗಣಿಯಲ್ಲಾಗಲಿ ಇಟ್ಟಿಗೆಗೂಡಿನಲ್ಲಾಗಲಿ ದುಡಿಯುವ ಮಗುವನ್ನು ಕಂಡು ನಾವು ಸುಮ್ಮನಿದ್ದರೆ ಅವರು ಏನೆಂದು ಕೇಳಿಯಾರು? ಆದದರಿಂದ ಕಂಡವರು ಅವರಿಗೂ ಅಧಿಕಾರಿಗಳಿಗೂ ತಿಳಿಸಲಿ. 1098 ಎಂಬ ಮಕ್ಕಳ ಸಹಾಯವಾಣಿಗೂ ತಿಳಿಸಬಹುದು.