ಅರ್ನೆಸ್ಟ್ ಎವೆರೆಟ್ ಜಸ್ಟ್

ಅರ್ನೆಸ್ಟ್ ಎವೆರೆಟ್ ಜಸ್ಟ್ (ಆಗಸ್ಟ್ 14, 1883 – ಅಕ್ಟೋಬರ್ 27, 1941) ಅಮೆರಿಕದ ಜೀವವಿಜ್ಞಾನಿ. ಕಡಲಿನ ಅಕಶೇರುಕಗಳ ಅಂಡಗಳಲ್ಲಿ ನಿಷೇಚನ ನಡೆಯುವ ಬಗೆಯನ್ನು ಕುರಿತ ಸಂಶೋಧನೆಗಳಿಗಾಗಿ ಪ್ರಸಿದ್ಧರು.

ಜೀವನ

ಜಸ್ಟ್ ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್ನಿನಲ್ಲಿ ಕಪ್ಪು ಜನಾಂಗದ ಕುಟುಂಬವೊಂದರಲ್ಲಿ ಜನಿಸಿದರು. ನಾಲ್ಕನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡರು; ಶಿಕ್ಷಕಿಯಾಗಿದ್ದ ತಾಯಿ ಮೇರಿ ಮಗನನ್ನು ಬೆಳೆಸಿದರು. 1907ರಲ್ಲಿ ಡಾರ್ಟ್‌ಮತ್ ಕಾಲೇಜಿನಿಂದ ಉನ್ನತ ಶ್ರೇಣಿಯಲ್ಲಿ ಪದವಿ ಪಡೆದರು. ಬಿಳಿಯರ ವಿಶ್ವವಿದ್ಯಾಲಯಗಳಲ್ಲಿ ಕಪ್ಪು ಜನಾಂಗದವರಿಗೆ ಅಧ್ಯಾಪಕ ವೃತ್ತಿ ದೊರೆಯುವುದು ಅಂದು ಅಸಾಧ್ಯಪ್ರಾಯವಾಗಿದ್ದುದರಿಂದ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿ ಅವರು ಮೊದಲು ಬೋಧಿಸಿದ್ದು ಇಂಗ್ಲಿಷನ್ನು. ಪ್ರಾಣಿಶಾಸ್ತ್ರಕ್ಕೆ ಬಂದದ್ದು ಅನಂತರ. 1915ರಲ್ಲಿ ಸ್ಪಿಂಗಾರ್ನ್ ಪದಕಕ್ಕೆ ಭಾಜನರಾದ ಮೊದಲಿಗರು ಇವರೇ. 1916ರಲ್ಲಿ ಷಿಕಾಗೊ ವಿಶ್ವವಿದ್ಯಾಲಯ ಡಾಕ್ಟರೇಟ್ ನೀಡಿತು.

ಸಂಶೋಧನೆ

1909ರಿಂದ ಎರಡು ದಶಕಗಳ ಕಾಲ ಬಹುತೇಕ ಪ್ರತಿ ಬೇಸಿಗೆಯನ್ನೂ ವುಡ್ಸ್ ಹೋಲ್‌ನ ಸಾಗರ ಜೀವವಿಜ್ಞಾನ ಪ್ರಯೋಗಾಲಯದಲ್ಲಿ ಕಳೆದರು. ಮಾರ್ಗದರ್ಶಕರು ಫ್ರಾಂಕ್ ಲಿಲ್ಲಿ. ನೀರಿಸ್ ಎಂಬ ಕಡಲ ಹುಳುವಿನ ಅಂಡವು ಮೊದಲ ಬಾರಿ ಸೀಳುವ ಸಮತಲವು ವೀರ್ಯಾಣು ಒಳಹೊಕ್ಕ ಬಿಂದುವಿನ ಮೂಲಕ ಹಾದುಹೋಗುತ್ತದೆಂದು 1912ರಲ್ಲಿ ತೋರಿಸಿದರು.

ಕಂಟಕಚರ್ಮಿಗಳ ಗುಂಪಿನ ಸ್ಯಾಂಡ್ ಡಾಲರ್ ಎಂಬ ಚಪ್ಪಟೆ ಜೀವಿಯ ಮೇಲಿನ ಅಧ್ಯಯನ ಇನ್ನೂ ಮಹತ್ತ್ವದ್ದು. ಒಂದು ಅಂಡಕ್ಕೆ ಒಂದಕ್ಕಿಂತ ಹೆಚ್ಚು ವೀರ್ಯಾಣುಗಳು ಹೊಕ್ಕರೆ ಭ್ರೂಣದ ಬೆಳವಣಿಗೆ ಕೆಡುತ್ತದೆ. ನೀರಿನಲ್ಲಿ ಅಸಂಖ್ಯ ವೀರ್ಯಾಣುಗಳು ಮುತ್ತಿಕೊಂಡಿರುವಾಗ ಅಂಡವು ಒಂದನ್ನಷ್ಟೇ ಒಳಬಿಟ್ಟುಕೊಳ್ಳುವುದು ಹೇಗೆ? ವೀರ್ಯಾಣು ತಗುಲಿದ ಸ್ಥಳದಿಂದ ಹೊರಟ ಬದಲಾವಣೆಯೊಂದು ಅಲೆಯಂತೆ ಅಂಡದ ಮೇಲ್ಮೈಯನ್ನೆಲ್ಲ ಆವರಿಸುವುದನ್ನು ಜಸ್ಟ್ ಕಂಡರು. ನಿಷೇಚನ ಪೊರೆ ಮೇಲೇಳುವುದು ಅದರ ಬಳಿಕ. ಅದಕ್ಕೂ ಮುನ್ನವೇ ಅಂಡವು ಉಳಿದ ವೀರ್ಯಾಣುಗಳಿಗೆ ಎಡೆಗೊಡದಂತಾಗಿರುತ್ತದೆ. ಎಲ್ಲವನ್ನೂ ಕೋಶಕೇಂದ್ರದಲ್ಲಿಯೇ ಹುಡುಕುತ್ತಿದ್ದ ಆ ಕಾಲದಲ್ಲಿ, ಕೋಶದ ಹೊರಮೈಯೂ ಕ್ರಿಯಾಶೀಲವೆಂಬ ಅವರ ನಿಲುವು ಒಂಟಿ ದನಿಯಾಗಿತ್ತು. ಅಂಡಗಳು ಆರೋಗ್ಯವಾಗಿರಬೇಕು, ಪಾತ್ರೆಗಳು ಶುದ್ಧವಾಗಿರಬೇಕು ಎಂಬ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು.

ಕೊನೆಯ ವರ್ಷಗಳು

ಸ್ವದೇಶದ ದೊಡ್ಡ ಸಂಸ್ಥೆಗಳಲ್ಲಿ ಅವರಿಗೆ ಯೋಗ್ಯ ಸ್ಥಾನ ದೊರೆಯಲೇ ಇಲ್ಲ. 1929ರಲ್ಲಿ ನೇಪಲ್ಸ್, 1930ರಲ್ಲಿ ಬರ್ಲಿನ್ನಿನ ಕೈಸರ್ ವಿಲ್ಹೆಲ್ಮ್ ಸಂಸ್ಥೆ ಅವರನ್ನು ಗೌರವದಿಂದ ಬರಮಾಡಿಕೊಂಡವು. ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ಆ ಆಸರೆಯೂ ತಪ್ಪಿತು. ಮುಖ್ಯ ಕೃತಿಯಾದ 'ದಿ ಬಯಾಲಜಿ ಆಫ್ ದಿ ಸೆಲ್ ಸರ್ಫೇಸ್' 1939ರಲ್ಲಿ ಪ್ರಕಟವಾಯಿತು. ಫ್ರಾನ್ಸಿನಲ್ಲಿ ಸಂಶೋಧನೆ ನಡೆಸುತ್ತಿದ್ದಾಗ, 1940ರಲ್ಲಿ ಜರ್ಮನ್ ಸೇನೆ ಅವರನ್ನು ಕೆಲಕಾಲ ಬಂಧನದಲ್ಲಿಟ್ಟಿತು. ಬಿಡುಗಡೆಯ ನಂತರ ಅಮೆರಿಕಕ್ಕೆ ಮರಳಿದರು. ಮರುವರ್ಷ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಿಂದ ವಾಷಿಂಗ್ಟನ್ನಿನಲ್ಲಿ ನಿಧನರಾದರು. 1996ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಸ್ಮರಣೆಗಾಗಿ ಅಂಚೆಚೀಟಿ ಹೊರತಂದಿತು.