ರಾಮಾನುಜನ್‌ಗಿಂತ 77 ವರ್ಷ ಮೊದಲೇ ಎಫ್‌ಆರ್‌ಎಸ್: ಸೂರತ್ ಮೂಲದ ನೌಕಾ ಎಂಜಿನಿಯರ್ ಅರ್ದೇಶಿರ್ ವಾಡಿಯಾ ಗೊತ್ತೇ?

ಲಂಡನ್‌ನ ರಾಯಲ್ ಸೊಸೈಟಿಗೆ ಆಯ್ಕೆಯಾದ ಮೊದಲ ಭಾರತೀಯ ಯಾರು? ಹೆಚ್ಚಿನವರ ಬಾಯಿಗೆ ಥಟ್ಟನೆ ಬರುವ ಹೆಸರು ಶ್ರೀನಿವಾಸ ರಾಮಾನುಜನ್. ಆದರೆ ರಾಮಾನುಜನ್ ಅವರಿಗೆ ಆ ಗೌರವ ಸಿಕ್ಕಿದ್ದು 1918ರಲ್ಲಿ. ಅದಕ್ಕೂ ಬಹಳ ಮೊದಲೇ, 1841ರ ಮೇ 27ರಂದು, ಬಾಂಬೆ ಹಡಗುಕಟ್ಟೆಯ ಎಂಜಿನಿಯರ್ ಒಬ್ಬರು ಅದರ ಫೆಲೋ ಆಗಿದ್ದರು. ಅವರೇ ಅರ್ದೇಶಿರ್ ಕರ್ಸೆಟ್‌ಜಿ ವಾಡಿಯಾ.

ವಾಡಿಯಾಗಳ ಬೇರು ಗುಜರಾತಿನ ಸೂರತ್‌ನಲ್ಲಿದೆ. ಆ ಮನೆತನದ ಲೌಜಿ ನಸರ್ವಾನ್‌ಜಿ ಎಂಬ ಪಾರ್ಸಿ ಬಡಗಿಯನ್ನು ಈಸ್ಟ್ ಇಂಡಿಯಾ ಕಂಪನಿ 1736ರಲ್ಲಿ ಬಾಂಬೆಗೆ ಕರೆತಂದಿತು. ಅಲ್ಲಿಂದ ಮುಂದೆ ತಲೆಮಾರುಗಳ ಕಾಲ ಬಾಂಬೆಯ ಹಡಗುಕಟ್ಟೆ ಇದೇ ಕುಟುಂಬದ ಕೈಯಲ್ಲಿತ್ತು. ಮಲಬಾರ್ ತೇಗದಲ್ಲಿ ಅವರು ಕಟ್ಟಿದ ಹಡಗುಗಳ ಗಟ್ಟಿತನಕ್ಕೆ ಸಾಕ್ಷಿ ಬೇಕಿದ್ದರೆ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ಗೆ ಹೋಗಬೇಕು. 1817ರಲ್ಲಿ ನೀರಿಗಿಳಿದ ಎಚ್‌ಎಂಎಸ್ ಟ್ರಿಂಕೊಮಲಿ ಇಂದಿಗೂ ಅಲ್ಲಿದೆ.

1808ರ ಅಕ್ಟೋಬರ್ 6ರಂದು ಹುಟ್ಟಿದ ಅರ್ದೇಶಿರ್ 14ನೇ ವಯಸ್ಸಿಗೇ ತಂದೆಯ ಜತೆ ಹಡಗುಕಟ್ಟೆಗೆ ಇಳಿದರು. ಮನೆತನದ ವಿದ್ಯೆ ಮರಗೆಲಸ. ಹುಡುಗನಿಗೆ ಹಿಡಿದ ಹುಚ್ಚು ಮಾತ್ರ ಉಗಿ ಎಂಜಿನ್‌ನದು! ಅದು ಹಾಯಿಹಡಗುಗಳ ಕಾಲ ಮುಗಿಯುತ್ತಾ ಬಂದಿದ್ದ ಹೊತ್ತು. ಬಾಂಬೆಯಲ್ಲೇ ಕಟ್ಟಿದ ಹ್ಯೂ ಲಿಂಡ್ಸೆ ಎಂಬ ಉಗಿಹಡಗು 1830ರಲ್ಲಿ ಸೂಯೆಜ್‌ವರೆಗೆ ಹೋಗಿತ್ತು. ಇಂದಿನ ನೌಕಾಪಡೆಯಲ್ಲಿ ರೇಡಾರ್, ಸೋನಾರ್ ನೋಡಿಕೊಳ್ಳುವ ಎಲೆಕ್ಟ್ರಾನಿಕ್ಸ್ ತಂತ್ರಜ್ಞರು ಹೇಗೋ, ಅಂದು ಬಾಯ್ಲರ್ ಮತ್ತು ಎಂಜಿನ್ ಬಲ್ಲವರು ಹಾಗೆ. ಅಂಥವರು ಭಾರತದಲ್ಲಿ ಬೆರಳೆಣಿಕೆಯಷ್ಟೂ ಇರಲಿಲ್ಲ ಎಂದರೂ ತಪ್ಪಾಗದು.

1833ರಲ್ಲಿ ಅರ್ದೇಶಿರ್ 60 ಟನ್‌ನ ‘ಇಂಡಸ್’ ಎಂಬ ಹಡಗು ಕಟ್ಟಿ, ಅದಕ್ಕೆ ಉಗಿ ಎಂಜಿನ್ ಜೋಡಿಸಿದರು. ಮರುವರ್ಷ ಮಜಗಾಂವ್‌ನ ತಮ್ಮ ಬಂಗಲೆ ಮತ್ತು ತೋಟವನ್ನು ಗ್ಯಾಸ್ ದೀಪಗಳಿಂದ ಬೆಳಗಿಸಿದರು. ಹೊಲಿಗೆ ಯಂತ್ರ, ವಿದ್ಯುತ್ ಲೇಪನ (ಎಲೆಕ್ಟ್ರೋಪ್ಲೇಟಿಂಗ್), ಉಗಿ ಪಂಪಿನ ನೀರಾವರಿ ಇವನ್ನೂ ಬಾಂಬೆಗೆ ಪರಿಚಯಿಸಿದ ಹೆಗ್ಗಳಿಕೆ ಅವರದೇ.

1839ರಲ್ಲಿ ಅವರು ಉಗಿ ಎಂಜಿನ್‌ಗಳನ್ನು ಹತ್ತಿರದಿಂದ ಕಲಿಯಲು ಇಂಗ್ಲೆಂಡಿಗೆ ಹೊರಟರು. ಆ ಪ್ರಯಾಣದ ದಿನಚರಿ ಪುಸ್ತಕವಾಗಿಯೂ ಬಂತು. ವಾಪಸಾದ ಮೇಲೆ, 1841ರಲ್ಲಿ, ಕಂಪನಿಯ ಬಾಂಬೆ ಸ್ಟೀಮ್ ಫ್ಯಾಕ್ಟರಿಯ ಮುಖ್ಯ ಎಂಜಿನಿಯರ್ ಮತ್ತು ಯಂತ್ರಗಳ ಇನ್‌ಸ್ಪೆಕ್ಟರ್ ಹುದ್ದೆ ಸಿಕ್ಕಿತು.

ನಿಜವಾದ ಪರೀಕ್ಷೆ ಶುರುವಾಗಿದ್ದೇ ಇಲ್ಲಿ. ಆ ಕಾರ್ಖಾನೆಯಲ್ಲಿ ಇಂಗ್ಲಿಷ್ ಕೆಲಸಗಾರರಿದ್ದರು. ಅವರಿಗೆ ಭಾರತೀಯನೊಬ್ಬ ಮೇಲಧಿಕಾರಿ! ಬಾಂಬೆ ಟೈಮ್ಸ್ ಪತ್ರಿಕೆ ಇದನ್ನು ಬಹಿರಂಗವಾಗಿಯೇ ಟೀಕಿಸಿತು. ಎಷ್ಟೇ ಬುದ್ಧಿವಂತನಾಗಿರಲಿ, ಓದಿದವನಾಗಿರಲಿ, ಸ್ಥಳೀಯನೊಬ್ಬ ಇಂಗ್ಲಿಷರನ್ನು ಹತೋಟಿಯಲ್ಲಿಟ್ಟು ಕೆಲಸ ತೆಗೆಯಬಲ್ಲನೇ ಎಂಬುದು ಅದರ ಅನುಮಾನ. ಅದೇ ವರ್ಷವೇ ಲಂಡನ್‌ನ ವಿಜ್ಞಾನಿಗಳು ಅದೇ ವ್ಯಕ್ತಿಯನ್ನು ತಮ್ಮ ಸಾಲಿಗೆ ಸೇರಿಸಿಕೊಂಡಿದ್ದು ತಮಾಷೆಯೇ ಸರಿ.

ಅರ್ದೇಶಿರ್ ಆ ಹುದ್ದೆ ಬಿಟ್ಟುಕೊಡಲಿಲ್ಲ. ಹದಿನಾರು ವರ್ಷ ನಡೆಸಿದರು. ಈ ನಡುವೆ 1849ರಲ್ಲಿ ಅಮೆರಿಕಕ್ಕೂ ಹೋಗಿ, ಅಲ್ಲಿನ ಮರ ಕೊಯ್ಯುವ ಯಂತ್ರಗಳನ್ನು ನೋಡಿ ಮೆಚ್ಚಿ ಬಾಂಬೆಗೆ ತರಿಸಲು ಆರ್ಡರ್ ಕೊಟ್ಟರು. 1851ರಲ್ಲಿ ಅವರ ಉಗಿಹಡಗೊಂದು ನೀರಿಗಿಳಿಯಿತು. ಅದರ ಭಾಗಗಳೆಲ್ಲ ಬಾಂಬೆಯಲ್ಲಿ, ಅವರದೇ ಎರಕದ ಕಾರ್ಖಾನೆಯಲ್ಲಿ ತಯಾರಾಗಿದ್ದವು. ಎಂಜಿನ್‌ಗಾಗಿ ಇಂಗ್ಲೆಂಡಿನತ್ತ ನೋಡುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಆ ಹಡಗಿಗೆ ಅವರು ಇಟ್ಟ ಹೆಸರು ‘ಲೌಜಿ ಫ್ಯಾಮಿಲಿ’. ಸೂರತ್‌ನಿಂದ ಬಂದ ಆ ಬಡಗಿಯ ಹೆಸರು.

1857ರ ಆಗಸ್ಟ್‌ನಲ್ಲಿ ನಿವೃತ್ತರಾದ ಅರ್ದೇಶಿರ್ ಮರುವರ್ಷ ಮತ್ತೆ ಇಂಗ್ಲೆಂಡಿಗೆ ಹೋದರು. 1861ರಲ್ಲಿ ಸಿಂಧೂ ನದಿಯಲ್ಲಿ ಉಗಿದೋಣಿಗಳನ್ನು ಓಡಿಸುತ್ತಿದ್ದ ಇಂಡಸ್ ಫ್ಲೋಟಿಲ್ಲಾ ಕಂಪನಿಯ ಎಂಜಿನಿಯರಿಂಗ್ ಹೊಣೆ ಹೊತ್ತು ಬಂದು, 1863ರಲ್ಲಿ ಅದರಿಂದಲೂ ಬಿಡುಗಡೆ ಪಡೆದರು. ಕೊನೆಯ ವರ್ಷಗಳನ್ನು ಕಳೆದಿದ್ದು ಲಂಡನ್ ಬಳಿಯ ರಿಚ್ಮಂಡ್‌ನಲ್ಲಿ. 1877ರ ನವೆಂಬರ್ 16ರಂದು ಅಲ್ಲೇ ತೀರಿಕೊಂಡರು. ಭಾರತೀಯ ಅಂಚೆ ಇಲಾಖೆ 1969ರಲ್ಲಿ ಅವರ ಹೆಸರಿನಲ್ಲಿ ಅಂಚೆಚೀಟಿ ಹೊರತಂದಿದೆ.